ಮೊಣಕಾಲ ಕೆಳಗಿನ ಖಾಲಿ ಜಾಗ

ಪೆಟ್ಟಿಗೆಯೊಳಗೆ ಖಾಲಿ ಜಾಗ ಬಿಡಬಾರದು. ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ ಇದು. ಬೆಂಗಳೂರಿನ ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯಲ್ಲಿ ಯಂತ್ರದ ಭಾಗಗಳು ತಯಾರಾಗುತ್ತವೆ. ಅವನ್ನು ಮರದ ಪೆಟ್ಟಿಗೆಗೆ ಹಾಕಿ ಹಡಗಿಗೆ ಕಳಿಸುವ ವಿಭಾಗದಲ್ಲಿ ನಾನಿದ್ದೇನೆ. ಉಕ್ಕಿನ ಭಾಗ ಎಷ್ಟೇ ಗಟ್ಟಿಯಾಗಿರಲಿ, ಒಳಗೆ ಬೆರಳಷ್ಟು ಅಲುಗಾಡಲು ಎಡೆ ಸಿಕ್ಕರೆ ಸಾಕು, ಲಾರಿ, ಕ್ರೇನು, ಸಮುದ್ರದ ಅಲೆ ಎಲ್ಲ ಸೇರಿ ಅದನ್ನು ಕೆಡಿಸುತ್ತವೆ. ಹಾಗಾಗಿ ಮೊದಲು ಕಂದು ಕಾಗದದಲ್ಲಿ ಆಕಾರ ತೆಗೆಯುತ್ತೇವೆ. ಆ ಆಕಾರಕ್ಕೆ ಫೋಮ್ ಕೊಯ್ಯುತ್ತೇವೆ. ಎಲ್ಲೆಲ್ಲಿ ಟೊಳ್ಳು ಕಾಣುತ್ತದೋ ಅಲ್ಲೆಲ್ಲ ತುಂಬುತ್ತೇವೆ. ಮುಚ್ಚಳಕ್ಕೆ ಮೊಳೆ ಹೊಡೆಯುವ ಮೊದಲು ಇಬ್ಬರು ಹಿಡಿದು ಪೆಟ್ಟಿಗೆಯನ್ನು ಅಲ್ಲಾಡಿಸುತ್ತೇವೆ. ಒಳಗಿನಿಂದ ಸದ್ದು ಬರಬಾರದು.

ನನ್ನ ಮಗಳ ಮೂಳೆ ಸವೆಯತೊಡಗಿದ ಕಾಲದ ಬಗ್ಗೆ ಹೇಳಬೇಕೆಂದರೆ ಇಲ್ಲಿಂದಲೇ ಶುರು ಮಾಡಬೇಕು. ಬರೆಯುವ ಅಭ್ಯಾಸ ನನಗಿಲ್ಲ. ಹತ್ತನೇ ತರಗತಿ ಮುಗಿಸಿ ಕೊಪ್ಪಳದ ಕಡೆಯಿಂದ ದುಡಿಯಲು ಬಂದವನು. ಆ ದಿನಗಳನ್ನು ಸರಿಯಾಗಿ ಹೇಳಬಲ್ಲವಳು ನನ್ನ ಹೆಂಡತಿ. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವಳು ಮಾಡಿದ ಕೆಲಸ ನನ್ನ ತಲೆಯಲ್ಲಿ ಅಳಿಸಿಹೋಗುವ ಮೊದಲು ಬರೆಯುತ್ತಿದ್ದೇನೆ.

ಮಗಳಿಗೆ ಏಳು ವರ್ಷವಿದ್ದಾಗ ಸಂಜೆಯಾದರೆ ಜ್ವರ ಏರುವುದು, ಮೈಮೇಲೆ ತಿಳಿಗೆಂಪು ಮಚ್ಚೆ ಮೂಡಿ ಮಾಯವಾಗುವುದು ಶುರುವಾಯಿತು. ಟೈಫಾಯ್ಡ್ ಅಂದರು, ಚಿಕುನ್‌ಗುನ್ಯ ಅಂದರು. ಆಮೇಲೆ ಮೊಣಕಾಲು ಊದಿಕೊಂಡವು. ಬೆಳಿಗ್ಗೆ ಎದ್ದರೆ ಒಂದು ಗಂಟೆ ಹೊತ್ತು ಮೈ ಮರಗಟ್ಟಿದಂತೆ ಇರುತ್ತಿತ್ತು. ಕೊನೆಗೆ ಮಕ್ಕಳ ದೊಡ್ಡಾಸ್ಪತ್ರೆಯಲ್ಲಿ, ಇದು ಮಕ್ಕಳಿಗೆ ಬರುವ ಸಂಧಿವಾತ ಎಂದು ಗೊತ್ತಾಯಿತು. ಮುದುಕರಿಗೆ ಬರುವ ಕಾಯಿಲೆ ಇಷ್ಟು ಸಣ್ಣ ಹುಡುಗಿಗೆ ಹೇಗೆ ಬಂತು ಎಂದು ಕೇಳದವರಿಲ್ಲ. ಸ್ಟೆರಾಯ್ಡ್ ಮಾತ್ರೆ ಕೊಟ್ಟ ಮೇಲೆ ಜ್ವರ ನಿಂತಿತು, ಮುಖ ದುಂಡಗಾಯಿತು. ಮಾತ್ರೆ ಇಳಿಸಲು ಹೋದಾಗಲೆಲ್ಲ ಕಾಯಿಲೆ ಮತ್ತೆ ತಲೆ ಎತ್ತುತ್ತಿತ್ತು. ಹೀಗೆ ಇಳಿಸುವುದು, ಏರಿಸುವುದು ಎಂದು ಎರಡು ವರ್ಷ ಕಳೆದವು.

ಒಂಬತ್ತನೇ ವರ್ಷದಲ್ಲಿ, ಒಂದು ಬೆಳಿಗ್ಗೆ, ಶಾಲೆಗೆ ಹೊರಟವಳು ಕಾಲುಚೀಲ ಹಾಕಿಕೊಳ್ಳಲು ಬಗ್ಗಿದಳು. ಬಗ್ಗಿದಲ್ಲೇ ನಿಂತಳು.

"ಅವ್ವಾ, ಬೆನ್ನಾಗ ಏನೋ ಆತು."

ಬಿದ್ದಿರಲಿಲ್ಲ, ಎಲ್ಲಿಯೂ ತಾಗಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕಕ್ಕೆ ಮಲಗಿಸಿ ಎಕ್ಸ್‌ರೇ ತೆಗೆದರು. ಡಾಕ್ಟರ್ ಮೇಡಂ ಅದನ್ನು ಬೆಳಕಿಗೆ ಹಿಡಿದಾಗ ಅವರು ಬೆರಳಿಡುವ ಮೊದಲೇ ನನಗೆ ಕಂಡಿತು. ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿದಾಗ ನಡುವೆ ಒಂದು ಪೆಟ್ಟಿಗೆ ತೇವ ಹಿಡಿದಿದ್ದರೆ ಅದರ ಮುಂಭಾಗ ಕುಸಿದು ಮೇಲಿನವು ಮುಂದಕ್ಕೆ ವಾಲುತ್ತವೆ. ಅವಳ ಬೆನ್ನುಮೂಳೆ ಹಾಗೆಯೇ ಇತ್ತು.

"ಒಂದು ಕಡೆ ಕಾಯಿಲೆ ಮೂಳೆ ತಿಂತಾ ಇದೆ, ಇನ್ನೊಂದು ಕಡೆ ಸ್ಟೆರಾಯ್ಡ್," ಎಂದರು ಡಾಕ್ಟರ್. "ಹಂಗಂತ ಮಾತ್ರೆ ನೀವೇ ನಿಲ್ಲಿಸ್ಬಿಡ್ಬೇಡಿ, ಜೀವಕ್ಕೇ ಅಪಾಯ. ನಾವು ನಿಧಾನಕ್ಕೆ ಇಳಿಸ್ತೀವಿ. ಸಂಧಿವಾತಕ್ಕೆ ಅಂತ ವಾರಕ್ಕೊಂದು ಸಲ ಕೊಡ್ತಿರೋ ಮಾತ್ರೆ ಇದೆಯಲ್ಲ, ಅದನ್ನ ಜಾಸ್ತಿ ಮಾಡ್ತೀವಿ. ಕ್ಯಾಲ್ಶಿಯಂ, ವಿಟಮಿನ್ ಡಿ ತಪ್ಪಿಸೋ ಹಾಗಿಲ್ಲ. ಮೂಳೆಗೆ ಅಂತಲೇ ಒಂದು ಡ್ರಿಪ್ ಇದೆ, ಅದನ್ನ ಕೊಡೋಣ. ಬೀಳಬಾರದು, ಜಿಗೀಬಾರದು, ಬಗ್ಗಿ ಭಾರ ಎತ್ತಬಾರದು. ನೋವು ಇಳಿದ ಮೇಲೆ ನಿಧಾನವಾಗಿ ಓಡಾಡಿಸಿ."

ಕೊನೆಯ ಮಾತು ಬಿಟ್ಟು ಉಳಿದದ್ದೆಲ್ಲ ನಮಗೆ ಕೇಳಿಸಿತು. ಡಾಕ್ಟರ್ ಹಾಗೆ ಹೇಳಿಯೇ ಇರಲಿಲ್ಲ ಎಂದು ನಾನು ಆಮೇಲೆ ಎಷ್ಟೋ ಸಲ ವಾದಿಸಿದ್ದೇನೆ. "ಹೇಳಿದ್ರರೀ, ನಾವ ಮರೆತ್ವಿ," ಎನ್ನುತ್ತಿದ್ದಳು ಹೆಂಡತಿ.

ನಾವಿದ್ದದ್ದು, ಈಗಲೂ ಇರುವುದು, ಅಂದ್ರಹಳ್ಳಿಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಬಾಗಿಲ ಎದುರಿಗೇ ತಾರಸಿಗೆ ಹೋಗುವ ಮೆಟ್ಟಿಲು. ಆಸ್ಪತ್ರೆಯಿಂದ ಬಂದ ದಿನ ನಾನು ಅವಳನ್ನು ಎತ್ತಿಕೊಂಡು ಮಹಡಿ ಹತ್ತಿದೆ. ಆಮೇಲೆ ಅವಳ ಕಾಲು ನೆಲಕ್ಕೆ ತಾಗಲು ಬಿಡಲಿಲ್ಲ. ಕಾರ್ಖಾನೆಯಲ್ಲಿ ಕೊಯ್ದು ಉಳಿದ ಫೋಮಿನ ತುಂಡುಗಳನ್ನು ಕಸಕ್ಕೆ ಹಾಕುತ್ತಾರೆ. ಸೂಪರ್‌ವೈಸರ್‌ಗೆ ವಿಷಯ ಹೇಳಿ, ಗೇಟಿನಲ್ಲಿ ತೋರಿಸಿ, ದಿನಕ್ಕೊಂದು ಚೀಲ ತಂದೆ. ಮಂಚದ ಅಂಚಿಗೆ, ಗೋಡೆಯ ಮೂಲೆಗಳಿಗೆ, ಬಚ್ಚಲಮನೆಯ ಕಟ್ಟೆಗೆ ಎಲ್ಲ ಫೋಮ್ ಬಡಿದೆ. ಹೆಂಡತಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲೇ ಉಳಿದಳು. ಹಳೇ ಸೀರೆ ಹರಿದು, ಹೊಲಿಗೆ ಯಂತ್ರದಲ್ಲಿ ಎಲ್ಲ ತುಂಡುಗಳಿಗೂ ಹೊದಿಕೆ ಹೊಲಿದಳು. ಅವಳ ಹೊಲಿಗೆ ಕಂಪನಿಯ ಹೊಲಿಗೆಯಷ್ಟೇ ನೇರ.

ಮಗಳು ಮಲಗಿದಾಗ ಮೊಣಕಾಲು ಸ್ವಲ್ಪ ಮಡಿಸಿಕೊಂಡೇ ಇರುತ್ತಿದ್ದಳು. ಊದಿದ ಕೀಲಿಗೆ ಹಾಗಿದ್ದರೆ ನೋವು ಕಡಿಮೆ. ಮೊಣಕಾಲ ಕೆಳಗೆ, ಹಾಸಿಗೆಗೂ ಕಾಲಿಗೂ ನಡುವೆ, ಒಂದು ಟೊಳ್ಳು ಉಳಿಯುತ್ತಿತ್ತು. ನನ್ನ ಕಣ್ಣು ಅದನ್ನು ಬಿಡುವಂತಿರಲಿಲ್ಲ. ಕಂದು ಕಾಗದ ಹಿಡಿದು, ಅವಳ ಎರಡೂ ಕಾಲಿನ ಆಕಾರ ಬೇರೆ ಬೇರೆ ತೆಗೆದೆ, ಏಕೆಂದರೆ ಎಡಗಾಲು ಬಲಗಾಲಿಗಿಂತ ಹೆಚ್ಚು ಮಡಿದಿತ್ತು. ಗಟ್ಟಿ ಫೋಮಿನ ಮೇಲೆ ಮೆತ್ತನೆಯದನ್ನು ಅಂಟಿಸಿ ಕೊಯ್ದೆ. ಇಟ್ಟು ನೋಡಿದರೆ ಕೂದಲು ನುಸುಳುವಷ್ಟೂ ಸಂದಿಯಿರಲಿಲ್ಲ.

"ನೋವೈತೇನು?" ಎಂದು ಕೇಳಿದೆ.

"ಇಲ್ಲಪ್ಪಾ. ಸೂಪರ್ ಆಗಿದೆ," ಎಂದಳು. ಶಾಲೆಗೆ ಹೋಗಿ ಅವಳ ಮಾತು ಬೆಂಗಳೂರಿನದಾಗಿದೆ. "ನನ್ನೂ ಎಕ್ಸ್‌ಪೋರ್ಟ್ ಮಾಡ್ಬಿಡ್ತೀಯಾ?"

"ಜರ್ಮನಿಗಿ ಕಳಿಸೂದು," ಎಂದಳು ಹೆಂಡತಿ ಅಡುಗೆಮನೆಯಿಂದ. "ಅಲ್ಲಿಂದ ವಾಪಸ್ ಬಂದ್ರ ನಿಮ್ಮಪ್ಪನ ಪಗಾರ ಕಟ್."

ನಾವು ಮೂವರೂ ನಕ್ಕೆವು. ಬಹಳ ದಿನಗಳ ಮೇಲೆ ಮಗಳು ಬೆಳಿಗ್ಗೆ ಅಳದೆ ಎದ್ದದ್ದು ಆ ಫೋಮ್ ಇಟ್ಟ ಮಾರನೆಯ ದಿನವೇ. ಅದೊಂದು ಒಳ್ಳೆಯ ಕೆಲಸವಾಯಿತೆಂದು ನನಗೂ ಹೆಂಡತಿಗೂ ಸಂದೇಹವಿರಲಿಲ್ಲ.

ಸಂದೇಹ ಪಟ್ಟವರು ಮನೆ ಓನರ್ ಅಜ್ಜಿ ಒಬ್ಬರೇ. ಈ ಕಟ್ಟಡವೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ತಾರಸಿಯಲ್ಲಿ ಮೆಣಸಿನಕಾಯಿ ಒಣಗಿಸಲು ಹತ್ತಿ ಬರುವಾಗ ನಮ್ಮ ಹೊಸ್ತಿಲಲ್ಲಿ ಕೂತು ಉಸಿರು ತೆಗೆದುಕೊಳ್ಳುತ್ತಿದ್ದರು.

"ಏನಪ್ಪ ಇದು, ಮಗೀನ ಮಲಗ್ಸಿದ್ದೀಯೋ ಪಾರ್ಸಲ್ ಕಟ್ಟಿದ್ದೀಯೋ? ನಮ್ಮ ಕಾಲ್ದಾಗೆ ಇಂಗೆಲ್ಲ ಇರ್ಲಿಲ್ಲ ಕಣಪ್ಪ. ಅಳ್ಳೆಣ್ಣೆ ಹಚ್ಚಿ ಗಟ್ಟಿಯಾಗಿ ನೀವಿದ್ರೆ ಎಲ್ಲ ಸರಿಯೋಗ್ತದೆ. ಕೊಡಿಲ್ಲಿ, ನಾನು ನೀವ್ತೀನಿ."

ಬೆನ್ನು ಒತ್ತಬಾರದೆಂದು ಹೆಂಡತಿಗೆ ಗೊತ್ತಿತ್ತು. ಅಜ್ಜಿಯ ಮನಸ್ಸು ನೋಯಿಸಲೂ ಅವಳಿಗೆ ಇಷ್ಟವಿರಲಿಲ್ಲ. "ಅಜ್ಜಿ, ನನ್ನ ಬೆನ್ನಿಗಿ ತಿಕ್ಕ್ರಿ. ಇಕಿನ್ನ ಎತ್ತಿ ಎತ್ತಿ ನಂದ ಹಿಡಕೊಂಡೈತಿ," ಎಂದು ಬೆನ್ನು ತಿರುಗಿಸಿ ಕೂತುಬಿಟ್ಟಳು. ಅಜ್ಜಿ ನಿಜವಾಗಿಯೂ ತಿಕ್ಕಿದರು.

ಮೂಳೆಯ ಡ್ರಿಪ್ಪಿಗೆ ಮೊದಲು ಮಾಡಬೇಕಾದ ಕೆಲಸ ಬಹಳ. ರಕ್ತದಲ್ಲಿ ಕ್ಯಾಲ್ಶಿಯಂ ಕಡಿಮೆಯಿದ್ದರೆ ಅದನ್ನು ಕೊಡುವ ಹಾಗಿಲ್ಲ. ಹಲ್ಲು ತೋರಿಸಬೇಕು, ಹುಳುಕಿದ್ದರೆ ಮೊದಲೇ ಸರಿಮಾಡಿಸಬೇಕು. ಮೂತ್ರಪಿಂಡ ಸರಿಯಿದೆಯೇ ನೋಡಬೇಕು. ಇದೆಲ್ಲ ಮುಗಿದ ಮೇಲೆ ಒಂದು ದಿನ ಕೈಗೆ ಸೂಜಿ ಚುಚ್ಚಿ ನಿಧಾನವಾಗಿ ಬಿಟ್ಟರು. ಮಾರನೆಯ ದಿನ ಜ್ವರ ಬಂದು ಮೈಯೆಲ್ಲ ನೋವೆಂದು ಅತ್ತಳು. ಮೊದಲ ಸಲ ಹೀಗಾಗುತ್ತದೆಂದು ನರ್ಸಮ್ಮ ಹೇಳಿ ಕಳಿಸಿದ್ದರು. ಹೆಂಡತಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, "ಔಷಧ ಎಲುಬಿಗಿ ಮುಟ್ಟೇತಿ ಅಂತ ತಿಳ್ಕೊ ಅವ್ವಿ," ಎಂದಳು. ಎರಡು ದಿನದಲ್ಲಿ ಇಳಿಯಿತು.

ಬೆನ್ನಿನ ನೋವೂ ಕ್ರಮೇಣ ಇಳಿಯಿತು. ನಾವು ಮಾತ್ರ ಅವಳನ್ನು ಇಳಿಸಲಿಲ್ಲ. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ, ಎತ್ತಿಕೊಂಡೇ. ಶಾಲೆಯ ಪಾಠ ಗೆಳತಿಯ ಪುಸ್ತಕದಿಂದ ಫೋಟೋ ತೆಗೆದು ಮನೆಯಲ್ಲೇ. ಮಳೆಗಾಲ ಮುಗಿದು ಚಳಿ ಶುರುವಾಗುವವರೆಗೆ ಹೀಗೇ ನಡೆಯಿತು.

ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್ ಮತ್ತೆ ಮಾಡಿಸಿದಾಗ ಡಾಕ್ಟರ್ ಹುಬ್ಬು ಗಂಟಿಕ್ಕಿದರು. ಇಷ್ಟರಲ್ಲಿ ಸ್ವಲ್ಪ ಏರಬೇಕಿತ್ತು, ಏರಿಲ್ಲ. ಅವಳ ತೊಡೆಗಳನ್ನು ಮುಟ್ಟಿ ನೋಡಿ, ಮಾಂಸಖಂಡ ಬತ್ತಿದೆ ಎಂದು ಫಿಸಿಯೋ ಹತ್ತಿರ ಕಳಿಸಿದರು.

ಫಿಸಿಯೋ ಮೇಡಂ ಚಿಕ್ಕ ವಯಸ್ಸಿನವರು. ಮಗಳನ್ನು ಗಟ್ಟಿ ಮಂಚದ ಮೇಲೆ ಅಂಗಾತ ಮಲಗಿಸಿದರು.

"ಕಾಲು ಪೂರ್ತಿ ಚಾಚು ಪುಟ್ಟಾ."

"ಚಾಚಿದ್ದೀನಲ್ಲ ಮಿಸ್."

ಚಾಚಿರಲಿಲ್ಲ. ಎರಡೂ ಮೊಣಕಾಲು ಗುಡಾರದಂತೆ ಮೇಲಕ್ಕಿದ್ದವು. ಮೇಡಂ ತೊಡೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿದರು. ಒಂದಿಷ್ಟೂ ಇಳಿಯಲಿಲ್ಲ. ಮಗಳು ನಮ್ಮ ಮುಖ ನೋಡಿದಳು. ತನ್ನ ಕಾಲು ನೆಟ್ಟಗಿದೆ ಎಂದೇ ಅವಳು ನಂಬಿದ್ದಳು.

"ಮನೇಲಿ ಹೇಗೆ ಮಲಗಿಸ್ತೀರ?"

ಹೆಂಡತಿ ಚೀಲದಿಂದ ಆ ಎರಡು ಫೋಮ್ ತುಂಡುಗಳನ್ನು ತೆಗೆದಳು. ಆಸ್ಪತ್ರೆಯ ಬೆಂಚಿನ ಮೇಲೂ ಬೇಕಾಗುತ್ತದೆಂದು ಎಲ್ಲಿ ಹೋದರೂ ಒಯ್ಯುತ್ತಿದ್ದೆವು. ಮೇಡಂ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಷ್ಟು ನೀಟಾಗಿದೆ. ಯಾರು ಮಾಡಿದ್ದು?"

"ನಮ್ಮನಿಯವ್ರು. ಪ್ಯಾಕಿಂಗ್ ಡಿಪಾರ್ಟ್‌ಮೆಂಟ್‌ನಾಗ ಅದಾರ್ರೀ," ಎಂದಳು ಹೆಂಡತಿ, ನನ್ನ ಕಡೆ ಕೈತೋರಿಸಿ. ಆ ಕ್ಷಣಕ್ಕೆ ಅವಳ ದನಿಯಲ್ಲಿದ್ದ ಹೆಮ್ಮೆ ನನಗೆ ಇನ್ನೂ ಕೇಳಿಸುತ್ತದೆ.

ಮೇಡಂ ಎಡಗಾಲಿನ ತುಂಡನ್ನು ಎಡ ಮೊಣಕಾಲ ಕೆಳಗೆ ಇಟ್ಟರು. ಸರಿಯಾಗಿ ಕೂತಿತು. ನಾನು ಕೊಯ್ದ ಕೋನವೂ ಅವಳ ಮೊಣಕಾಲಿನ ಕೋನವೂ ಒಂದೇ ಆಗಿದ್ದವು. ಮೇಡಂ ಅದನ್ನು ಎಳೆದು ಸ್ಟೂಲಿನ ಮೇಲಿಟ್ಟು, ಅದಿದ್ದ ಜಾಗದಲ್ಲಿ ತಮ್ಮ ಕೈ ಆಡಿಸಿದರು.

"ಅಣ್ಣ, ಈ ಜಾಗ ಇದೆಯಲ್ಲ, ಇದು ಖಾಲಿ ಇರ್ಬೇಕು. ಕಾಲಿನ ಭಾರಕ್ಕೆ ಮಂಡಿ ತಾನಾಗೇ ಇಳೀಬೇಕು. ನೀವು ಇಳಿಯದ ಹಾಗೆ ಆಧಾರ ಕೊಟ್ಟಿದ್ದೀರ. ಅದೇ ಅಳತೆಗೆ ಅದು ಬಿಗಿದುಕೊಂಡ್ಬಿಟ್ಟಿದೆ." ಆಮೇಲೆ ಅವಳ ಸಣ್ಣಗಾದ ತೊಡೆ ಮುಟ್ಟಿ ನೋಡಿ, "ನಡೆಸ್ತಾನೇ ಇಲ್ವಾ ಇವಳನ್ನ?" ಎಂದರು.

"ಬೆನ್ನಿನ ಮೂಳೆ..." ಎಂದೆ.

"ಅದಕ್ಕೇ ನಡೀಬೇಕು. ಭಾರ ಬಿದ್ರೆ ತಾನೇ ತಾನು ಗಟ್ಟಿಯಾಗ್ಬೇಕು ಅಂತ ಮೂಳೆಗೆ ಗೊತ್ತಾಗೋದು? ಡ್ರಿಪ್ ಒಂದೇ ಏನು ಮಾಡುತ್ತೆ?"

"ಮತ್ತೆ ಮುರಿದ್ರೆ ಮೇಡಂ?"

"ಮುರಿಯಲ್ಲ ಅಂತ ನಾನು ಬರೆದು ಕೊಡಕ್ಕಾಗಲ್ಲ ಅಣ್ಣ. ಜಾಗ್ರತೆಯಾಗಿ ಮಾಡೋದು ಹೇಗೆ ಅಂತ ಹೇಳಿಕೊಡ್ತೀನಿ. ಆದ್ರೆ ಹೀಗೇ ಎತ್ತಿಟ್ಕೊಂಡಿದ್ರೆ ಮೂಳೆ ಇನ್ನೂ ಇಳಿಯುತ್ತೆ, ಮಂಡಿ ಇನ್ನೂ ಮಡಿಯುತ್ತೆ. ಆಮೇಲೆ ಅವಳು ನಡೀತೀನಿ ಅಂದ್ರೂ ಆಗಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಫೋಮಿನ ತುಂಡುಗಳು ಹೆಂಡತಿಯ ಮಡಿಲಲ್ಲಿದ್ದವು. ಮಗಳು ನನ್ನ ತೊಡೆಯ ಮೇಲೆ ಕೂತು, ಮೆಟ್ರೋ ಕಂಬಗಳ ಮೇಲೆ ಅಂಟಿಸಿದ್ದ ಜಾಹೀರಾತುಗಳನ್ನು ಜೋರಾಗಿ ಓದುತ್ತಿದ್ದಳು.

ಮಾರನೆಯ ದಿನ ಮೊದಲನೇ ಶಿಫ್ಟ್ ಮುಗಿಸಿ ಬಂದರೆ ಬಾಗಿಲ ಹೊರಗೆ ಫೋಮಿನ ರಾಶಿ. ಗೋಡೆಯದು, ಬಚ್ಚಲಿನದು, ಎಲ್ಲ. ಅಜ್ಜಿ ಅದರ ಮೇಲೆ ಆರಾಮವಾಗಿ ಕೂತಿದ್ದರು. "ಒಳ್ಳೆ ಮೆತ್ತಗದೆ ಕಣಪ್ಪ. ನಂಗೊಂದೆರಡು ಕೊಡು," ಎಂದರು.

ಒಳಗೆ ಮಗಳು ಬೋರಲು ಮಲಗಿ ಚಿತ್ರ ಬರೆಯುತ್ತಿದ್ದಳು. ಕಾಲುಗಳು ಮಂಚದ ಆಚೆ ತೂಗಾಡುತ್ತಿದ್ದವು. ನನಗೆ ಸಿಟ್ಟು ಬಂತು.

"ಕೇಳೂದಿಲ್ಲ ಹೇಳೂದಿಲ್ಲ, ಎಲ್ಲಾ ಕಿತ್ತು ಒಗದೀಯಲ್ಲ? ನಾಳೆ ಇಕಿ ಬಿದ್ದು ಇನ್ನೊಂದು ಎಲುಬು ಹೋದ್ರ?"

"ಹೋದ್ರ ದವಾಖಾನಿ ಐತಿ," ಎಂದಳು ಹೆಂಡತಿ. ಅವಳ ದನಿ ಏರಲಿಲ್ಲ. "ನೀವ ಒಂದ್ ಮಾತು ಹೇಳ್ರಿ. ಪೆಟ್ಟಿಗಿ ಕಟ್ಟಿ ಹಡಗಿಗಿ ಹಾಕ್ತೀರಿ. ಆ ಕಡಿ ಯಾರರ ಇರ್ತಾರಿಲ್ಲ, ಬಿಚ್ಚಿ ತೆಗ್ಯಾಕ?"

"ಇರ್ತಾರ."

"ಇಕಿನ್ನ ಯಾರ್ ಬಿಚ್ಚಾವ್ರು? ನಾವ ಕಟ್ಟೇವಿ, ನಾವ ಬಿಚ್ಚಬೇಕು. ಇಕಿ ಹಡಗಿನಾಗ ಹೋಗೂದಿಲ್ಲ. ಸಾಲಿಗಿ ಹೋಗಬೇಕು. ನಡಕೊಂತ."

ನಾನು ಊಟ ಮಾಡದೆ ಕೂತೆ. ಅವಳು ತಟ್ಟೆ ತಂದಿಟ್ಟು, ಮಗಳ ಪಕ್ಕದಲ್ಲಿ ನೆಲಕ್ಕೆ ಕೂತಳು. ಅವಳೂ ಹೆದರಿದ್ದಳು. ಬಳೆಗಳನ್ನು ಸುಮ್ಮನೆ ಮೇಲೆ ಕೆಳಗೆ ಮಾಡುತ್ತಿದ್ದಳು. ಹೆದರಿದಾಗ ಅವಳು ಹಾಗೆ ಮಾಡುವುದು ನನಗೆ ಮದುವೆಯಾದಾಗಿನಿಂದ ಗೊತ್ತು. ಅದನ್ನು ನೋಡಿದ ಮೇಲೆ ನಾನು ತಟ್ಟೆ ಎಳೆದುಕೊಂಡೆ.

ಆಮೇಲಿನ ಕೆಲಸ ನಿಧಾನದ್ದು. ಬೆಳಿಗ್ಗೆ ಬಿಸಿನೀರಿನ ಸ್ನಾನ, ಕೀಲುಗಳು ಸಡಿಲವಾಗಲು. ಆಮೇಲೆ ಅಂಗಾತ ಮಲಗಿಸಿ ಹಿಮ್ಮಡಿಯ ಕೆಳಗೆ ಮಾತ್ರ ಸುತ್ತಿದ ಟವೆಲು. ಮೊಣಕಾಲ ಕೆಳಗೆ ಏನೂ ಇಲ್ಲ. ಹಾಗೆ ಸ್ವಲ್ಪ ಹೊತ್ತು ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಮೊದಮೊದಲು ಅವಳು ಹಲ್ಲು ಕಚ್ಚಿ ಅಳುತ್ತಿದ್ದಳು. ಕೈ ಒಡ್ಡಿ ಆ ಟೊಳ್ಳನ್ನು ತುಂಬಿಬಿಡಬೇಕೆಂದು ನನಗೆ ಆಗುತ್ತಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರಿನ ಪಟ್ಟಿ ಮಾಡಿ ಕಾಲಿಗೆ ಕಟ್ಟಲು ಕೊಟ್ಟರು. ಕೆಲವು ವಾರಕ್ಕೊಮ್ಮೆ ಅದನ್ನು ಬದಲಿಸಿ, ಮೊದಲಿಗಿಂತ ಒಂದಿಷ್ಟು ನೆಟ್ಟಗಿನದನ್ನು ಕೊಡುತ್ತಿದ್ದರು. ಬಗ್ಗುವಾಗ ಬೆನ್ನು ಬಾಗಿಸದೆ ಸೊಂಟದಿಂದ ಬಗ್ಗುವುದನ್ನು, ನೆಲಕ್ಕೆ ಬಿದ್ದರೆ ಒಂದು ಮಗ್ಗುಲಾಗಿ ಹೊರಳಿ, ಮಂಡಿಯೂರಿ, ಏನನ್ನಾದರೂ ಹಿಡಿದು ಏಳುವುದನ್ನು ಮೇಡಂ ಕಲಿಸಿದರು. ಬೀಳುವುದಕ್ಕೂ ಪಾಠವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿಲ್ಲಿಸಬೇಕು, ಆದರೆ ಸುಮ್ಮನೆ ನಿಲ್ಲು ಎಂದರೆ ಯಾವ ಮಗು ನಿಲ್ಲುತ್ತದೆ? ಪೆಟ್ಟಿಗೆಗೆ ಬಳಸಿ ಮಿಕ್ಕ ಪೈನ್ ಮರದಲ್ಲಿ ಅವಳ ಎದೆಯ ಕೆಳಗಿನ ಎತ್ತರಕ್ಕೆ ಒಂದು ಮೇಜು ಮಾಡಿದೆ. ಮೊಣಕೈ ಊರಿಕೊಂಡು ನಿಂತೇ ಬರೆಯಬಹುದು. ಹೆಂಡತಿ ಅಲ್ಲಿಗೇ ಅವರೆಕಾಯಿ ಸುರಿಯುತ್ತಿದ್ದಳು. ತಾಯಿ ಮಗಳು ಎದುರುಬದುರು ನಿಂತು ಸುಲಿಯುತ್ತಿದ್ದರು. "ಅವ್ವಾ, ನೀನು ಸುಲಿಯೋದಕ್ಕಿಂತ ತಿನ್ನೋದು ಜಾಸ್ತಿ," ಎಂದು ಮಗಳು ದೂರುತ್ತಿದ್ದಳು.

ನಮ್ಮ ಕೋಣೆಗೆ ಬಿಸಿಲಿಲ್ಲ. ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ತಾರಸಿಗೆ ಬೀಗ. ಹಿಂದೆ ಬಾಡಿಗೆಯ ಹುಡುಗರು ಗಾಳಿಪಟ ಹಾರಿಸಲು ಹೋಗಿ ಸೋಲಾರ್ ಕೊಳವೆ ಒಡೆದಿದ್ದರಂತೆ, ಅಂದಿನಿಂದ ಅಜ್ಜಿ ಬೀಗದ ಕೈಯನ್ನು ಸೊಂಟದಿಂದ ಬಿಟ್ಟಿರಲಿಲ್ಲ. ಹೆಂಡತಿ ಹೋಗಿ ಕೇಳಿದಳು.

"ಬಿಸ್ಲಿಗೆ ಹಾಕಕ್ಕೆ ಏನೈತವ್ವ ನಿಮ್ದು?" ಎಂದರು ಅಜ್ಜಿ.

"ಮಗಳು ಅದಾಳ್ರೀ."

ಅಜ್ಜಿ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. "ಮೆಣಸಿನಕಾಯಿಗೆ ಕಾಗೆ ಬರ್ತದೆ, ಓಡಿಸ್ಲಿ ಮತ್ತೆ," ಎಂದು ಸೇರಿಸಿದರು. ಹೀಗೆ ಮಗಳಿಗೆ ಒಂದು ಉದ್ಯೋಗವೂ ಆಯಿತು.

ತಾರಸಿಗೆ ನಡುವೆ ತಿರುವಿಲ್ಲದ ಒಂದೇ ಸಾಲು ಮೆಟ್ಟಿಲು, ಒಂದು ಬದಿಗೆ ಕಬ್ಬಿಣದ ಕಂಬಿ. ಸಮತಟ್ಟು ನೆಲದಲ್ಲಿ ನಡೆಯಲು ಕಲಿತ ಮೇಲೆ ಮೆಟ್ಟಿಲು ಹತ್ತಿಸಲು ಫಿಸಿಯೋ ಮೇಡಂ ಒಪ್ಪಿದರು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಅವಳು ಕಂಬಿ ಹಿಡಿದು ಹತ್ತುತ್ತಿದ್ದಳು. ನಾವಿಬ್ಬರೂ ಕೆಳಗಿನ ಮೆಟ್ಟಿಲ ಬಳಿ ಹೊಸ್ತಿಲಲ್ಲಿ ಕೂರುತ್ತಿದ್ದೆವು. ಅವಳ ಕಾಲು ಸ್ವಲ್ಪ ತಡವರಿಸಿದರೂ ನಾನು ಎದ್ದುಬಿಡುತ್ತಿದ್ದೆ. ನಾನು ಎದ್ದೊಡನೆ ಅವಳು ಕಂಬಿ ಬಿಟ್ಟು ನನ್ನ ಕಡೆ ಕೈ ಚಾಚುತ್ತಿದ್ದಳು. ಹಾಗೆ ಚಾಚಿದಾಗಲೇ ವಾಲುತ್ತಿದ್ದಳು. ಇದನ್ನು ಮೊದಲು ಗಮನಿಸಿದವಳು ಹೆಂಡತಿ. ಅಂದಿನಿಂದ ಅವಳು ನನ್ನ ಬಲಗೈ ಮಣಿಕಟ್ಟು ಹಿಡಿದುಕೊಂಡೇ ಕೂರುತ್ತಿದ್ದಳು. ನೋಡಿದವರಿಗೆ ಗಂಡ ಹೆಂಡತಿ ಕೈ ಹಿಡಿದು ಕೂತಂತೆ ಕಾಣುತ್ತಿತ್ತು. ಅಜ್ಜಿ, "ಏನವ್ವ, ಈಗಿನ್ನೂ ಮದುವೆಯಾಯ್ತಾ?" ಎಂದು ರೇಗಿಸುತ್ತಿದ್ದರು. ಹೆಂಡತಿ ನಾಚಿದರೂ ಕೈ ಬಿಡುತ್ತಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ದಪ್ಪ ಬಟ್ಟೆ ತಳ್ಳಿ ತಳ್ಳಿ ಅವಳ ಹಿಡಿತ ಗಟ್ಟಿಯಾಗಿತ್ತು.

ಸಂಕ್ರಾಂತಿಯ ಹಿಂದುಮುಂದು ಮಗಳು ಬಿದ್ದಳು. ಕಾಗೆ ಓಡಿಸಿ ಇಳಿಯುತ್ತಿದ್ದವಳು, ಕೊನೆಯಲ್ಲಿ ಎರಡು ಮೆಟ್ಟಿಲಿರುವಾಗ ಹಿಮ್ಮಡಿ ಜಾರಿ ಕುಂಡೆಯ ಮೇಲೆ ಕೂತುಬಿಟ್ಟಳು. ನಾನು ಎದ್ದೆ. ಮಣಿಕಟ್ಟಿನ ಮೇಲಿದ್ದ ಹಿಡಿತ ಬಿಗಿಯಾಯಿತು.

"ನಿಂದ್ರಿ," ಎಂದಳು ಹೆಂಡತಿ. ಆಮೇಲೆ ಮಗಳಿಗೆ, "ಅವ್ವಿ, ಬೆನ್ನು ನೋಯ್ತೈತೇನು?"

ಮಗಳ ಬಾಯಿ ಅಳುವುದಕ್ಕೆ ತಯಾರಾಗಿತ್ತು. ನನ್ನನ್ನು ನೋಡಿದಳು, ಹೆಂಡತಿಯನ್ನು ನೋಡಿದಳು, ನನ್ನ ಕೈಯ ಮೇಲಿದ್ದ ಹೆಂಡತಿಯ ಕೈಯನ್ನು ನೋಡಿದಳು.

"ಇಲ್ಲ. ಕುಂಡೆ ನೋಯ್ತಿದೆ."

"ಕಾಲು ಜುಮ್ ಅಂತೈತೇನು?"

"ಇಲ್ಲ."

"ಹಂಗಾರ ಮೇಡಂ ಹೆಂಗ ಹೇಳ್ಯಾರ, ಹಂಗ ಏಳು."

ಅವಳು ಮಗ್ಗುಲಾಗಿ ಹೊರಳಿದಳು. ಒಂದು ಮಂಡಿ ಊರಿದಳು, ಕಂಬಿ ಹಿಡಿದಳು. ಮಧ್ಯೆ ನಿಂತು ಸುಧಾರಿಸಿಕೊಂಡಳು. ಎದ್ದಳು. ಹೆಂಡತಿಯ ಉಗುರು ನನ್ನ ಚರ್ಮಕ್ಕೆ ಇಳಿದಿತ್ತು, ಅದು ಅವಳಿಗೆ ಗೊತ್ತಿರಲಿಲ್ಲ.

ಅಂದೇ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಹೊಸದಾಗಿ ಏನೂ ಕುಸಿದಿರಲಿಲ್ಲ. ಆಟೋದಲ್ಲಿ ಬರುವಾಗ, ಇನ್ನು ಸ್ವಲ್ಪ ದಿನ ಮೆಟ್ಟಿಲು ಬೇಡ ಎಂದೆ. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಹೆಂಡತಿ ಮಗಳ ಚಪ್ಪಲಿ ತಂದು ಮೆಟ್ಟಿಲ ಬುಡದಲ್ಲಿ ಜೋಡಿಸಿಟ್ಟಳು. ಆಮೇಲೆ ಹೊಸ್ತಿಲಲ್ಲಿ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. ನಾನು ಹೋಗಿ ಕೂತು ಮಣಿಕಟ್ಟು ಕೊಟ್ಟೆ.

ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ತೆರೆದಾಗ ಮಗಳು ನಡೆದೇ ಹೋದಳು. ತರಗತಿಯನ್ನು ನೆಲಮಹಡಿಗೆ ಬದಲಿಸಿಕೊಟ್ಟರು, ಚೀಲವನ್ನು ಗೆಳತಿ ಹಿಡಿದಳು. ಅದರ ಮುಂದಿನ ಸ್ಕ್ಯಾನಿನಲ್ಲಿ ಮೂಳೆಯ ಅಳತೆ ಸ್ವಲ್ಪ ಏರಿತ್ತು, ಆಮೇಲಿನದರಲ್ಲಿ ಇನ್ನೂ ಸ್ವಲ್ಪ. ಸ್ಟೆರಾಯ್ಡ್ ಇಳಿಯುತ್ತ ಇಳಿಯುತ್ತ ಕೊನೆಗೆ ನಿಂತಿತು. ಕುಸಿದ ಮೂಳೆ ಬೆಳೆಯುವ ಮಕ್ಕಳಲ್ಲಿ ಒಂದಿಷ್ಟು ಎತ್ತರ ಮರಳಿ ಪಡೆಯುತ್ತದಂತೆ. ಇವಳದು ಪೂರ್ತಿ ಮೊದಲಿನಂತಾಗಲಿಲ್ಲ. ಎಡ ಮೊಣಕಾಲೂ ಪೂರ್ತಿ ನೆಟ್ಟಗಾಗಿಲ್ಲ, ಮಲಗಿದಾಗ ಕೆಳಗೆ ಎರಡು ಬೆರಳು ಹೋಗುವಷ್ಟು ಸಂದಿ ಉಳಿದಿದೆ. ಅದು ಇದ್ದುಕೊಳ್ಳಲಿ ಎಂದು ಫಿಸಿಯೋ ಮೇಡಂ ಹೇಳಿದ್ದಾರೆ. ಕಾಯಿಲೆ ಇನ್ನೂ ಇದೆ. ವಾರಕ್ಕೊಮ್ಮೆಯ ಮಾತ್ರೆಯೂ ಇದೆ.

ಹೆಂಡತಿಗೆ ಯಾವ ಕಾಯಿಲೆಯೂ ಇರಲಿಲ್ಲ. ಒಂದು ಬೆಳಿಗ್ಗೆ ಕುಕ್ಕರ್ ಇಳಿಸುತ್ತ ತಲೆ ಸಿಡಿಯುತ್ತಿದೆ ಎಂದಳು. ಗೋಡೆಗೆ ಒರಗಿ ಕೂತಳು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮಾರನೆಯ ದಿನ ತೀರಿಕೊಂಡಳು. ಊರಿಗೆ ಒಯ್ದೆವು. ಬಂದವರೆಲ್ಲ ಮಗಳಿಗೆ ಕಾಲುನೋವೆಂದು ಕುರ್ಚಿ ತಂದು ಹಾಕಿದರು. ಅವಳು ಕೂರಲಿಲ್ಲ, ಮಣ್ಣು ಮಾಡಿ ಬರುವವರೆಗೂ ನಿಂತೇ ಇದ್ದಳು. ನಾನು ಯಾರ ಪಕ್ಕದಲ್ಲಿ ನಿಂತಿದ್ದೆನೋ ನೆನಪಿಲ್ಲ.

ಈಗ ಮಗಳಿಗೆ ಹನ್ನೆರಡು. ಮೊನ್ನೆ ಭಾನುವಾರ ಅವಳೇ ಬಟ್ಟೆ ಒಗೆದಳು. ಅರ್ಧ ಬಕೆಟ್ ಹಿಂಡಿದ ಬಟ್ಟೆ ಹಿಡಿದು ಹೊರಗೆ ಬಂದಳು.

"ನಾ ತರ್ತೀನಿ ಕೊಡು," ಎಂದೆ.

"ಬೇಡಪ್ಪಾ. ನೀನು ಕೂತ್ಕೋ."

ನಾನು ಹೊಸ್ತಿಲಲ್ಲಿ ಕೂತೆ. ಅಜ್ಜಿ ಕೂಡ ಉಸಿರು ತೆಗೆದುಕೊಳ್ಳಲು ಬಂದು ಫೋಮಿನ ದಿಂಬು ಹಾಕಿಕೊಂಡು ಕೂತರು. ಮಗಳು ಒಂದು ಕೈಯಲ್ಲಿ ಬಕೆಟ್, ಒಂದು ಕೈಯಲ್ಲಿ ಕಂಬಿ ಹಿಡಿದು ಹತ್ತತೊಡಗಿದಳು. ಗಟ್ಟಿ ಕಾಲು ಮೊದಲು. ಅರ್ಧಕ್ಕೆ ಹೋದಾಗ ಬಕೆಟ್ಟು ಮೆಟ್ಟಿಲಿಗೆ ಬಡಿಯಿತು. ಅವಳು ವಾಲಿದಳು. ಕಂಬಿ ಹಿಡಿದು ನಿಂತಳು. ಒಂದು ಉಸಿರು ಎಳೆದುಕೊಂಡು ಮತ್ತೆ ಹತ್ತಿದಳು. ಮೇಲೆ ತಾರಸಿಯ ಬಾಗಿಲು ಕಿರ್ರೆಂದಿತು, ಕಾಗೆಗಳು ಹಾರಿದವು.

"ಯಾಕಪ್ಪ," ಎಂದರು ಅಜ್ಜಿ, "ಅಂಗೆ ಕೈ ಇಡ್ಕೊಂಡು ಕುಂತಿದ್ದೀಯ? ನೋಯ್ತದಾ?"

ನೋಡಿಕೊಂಡೆ. ನನ್ನ ಎಡಗೈ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

"ಇಲ್ಲ ಅಜ್ಜಿ," ಎಂದೆ. ಬಟ್ಟೆ ಕೊಡವುವ ಸದ್ದು ಮೇಲಿಂದ ಕೇಳಿಸುವವರೆಗೆ ಬಿಡಲಿಲ್ಲ.